ನೀಲಿ ಕೂದಲಿನ ಹುಡುಗನ ಎಡೆ

ಚನ್ನವೀರಮ್ಮನಿಗೆ ಬಾಗಿಲಲ್ಲೇ ತಲೆ ಕೆಟ್ಟಿತು. ಮೊಮ್ಮಗಳು ದಾಕ್ಷಾಯಣಿ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹೋಟೆಲು ಇಟ್ಟಿದ್ದಾಳೆ ಎಂದು ಬಾದನಹಟ್ಟಿಯಿಂದ ಬಸ್ಸು ಹತ್ತಿ ಬಂದರೆ, ಇದು ಹೋಟೆಲೋ, ಬಳೆ ಅಂಗಡಿಯೋ, ಫೋಟೋ ಸ್ಟುಡಿಯೋವೋ ಒಂದೂ ತಿಳಿಯಲಿಲ್ಲ. ಗುಲಾಬಿ ಬಣ್ಣದ ಗೋಡೆ, ಗೋಡೆಯ ತುಂಬ ಐದು ಜನ ಹುಡುಗರ ಪಟ. ಹುಡುಗರು ಹೌದೋ ಅಲ್ಲವೋ ಎಂಬ ಅನುಮಾನವೂ ಬಂತು, ತುಟಿಗೆ ಬಣ್ಣ ಬೇರೆ.

"ಕೊರಿಯಾ ದೇಶದ ಹಾಡುಗಾರರು ಅಜ್ಜಿ. ಹುಡುಗ್ರು ಇವರನ್ನ ನೋಡಾಕಂತನ ಇಲ್ಲಿಗೆ ಬರ್ತಾರ," ಎಂದಳು ದಾಕ್ಷಾಯಣಿ.

"ಅಡಗಿ ಅವರು ಮಾಡ್ತಾರೇನು?"

"ಇಲ್ಲ, ನಾನು ಮಾಡ್ತೀನಿ."

"ಮತ್ತ ಫೋಟೋ ಅವರದ್ಯಾಕ?"

ದಾಕ್ಷಾಯಣಿ ಹೇಳಿದ್ದು ಮುದುಕಿಯ ತಲೆಗೆ ಹತ್ತಲಿಲ್ಲ. ಹಾಳಾಗಲಿ ಎಂದು ಕುರ್ಚಿ ಎಳೆದುಕೊಂಡು ಕುಳಿತಳು.

ಅವಳು ಬಂದದ್ದು ಸುಮ್ಮನೆ ಅಲ್ಲ. ಕುರುಗೋಡಿನಲ್ಲಿ ಖಾನಾವಳಿ ನಡೆಸಿ ಸೌಟು ಸವೆಸಿದ ಜೀವ. ಊಟದ ವಿಷಯದಲ್ಲಿ ಬೀಗರು ಕೂಡ ಅವಳ ಮಾತು ಮೀರುವುದಿಲ್ಲ. ಮಳಿಗೆ ಮಗ ಚನ್ನಬಸವರಾಜನದು. ಅವನಿಗೆ ಮಗಳ ಈ ಕೆಫೆ ಕಂಡರಾಗದು. ಮೊಬೈಲ್ ಅಂಗಡಿಯವನೊಬ್ಬ ಮಳಿಗೆ ಕೇಳುತ್ತಿದ್ದ. ಜಗಳ ಬಗೆಹರಿಯದೆ ಅಪ್ಪ ಮಗಳು ಕೊನೆಗೆ ಒಪ್ಪಿದ್ದು ಒಂದೇ ಮಾತಿಗೆ: ಅಜ್ಜಿ ತಿಂದು 'ಚಲೋ ಐತಿ' ಅಂದರೆ ಕೆಫೆ ಉಳಿಯಬೇಕು, ಅನ್ನದಿದ್ದರೆ ಬಾಗಿಲು ಹಾಕಬೇಕು.

ಮೊದಲು ಉದ್ದನೆಯ ಗ್ಲಾಸಿನಲ್ಲಿ ಕಾಫಿ ಬಂತು.

"ಆರಿ ಹೋಗೇತಲ್ಲವ್ವ. ಕಾಸಿ ತಾ."

"ಐಸ್ ಹಾಕಿದ್ದು ಅಜ್ಜಿ, ಅದು ಹಂಗs."

"ತಣ್ಣನ್ ಕಾಫಿ! ಕಾಸಾಕ ಗ್ಯಾಸಿಲ್ಲೇನು?"

ಆಮೇಲೆ ಕೆಂಪು ರಸದ ಬಟ್ಟಲು ಬಂತು. ಒಳಗೆ ಬೆರಳುದ್ದದ ಬಿಳಿ ಕಡುಬು, ಪಕ್ಕದಲ್ಲಿ ಎರಡು ಕಡ್ಡಿ. "ನಮ್ಮ ಕಡೇದ ದೇಶನೂರು ಅಕ್ಕಿ ಹಿಟ್ಟಿಂದು ಅಜ್ಜಿ. ತತ್ತಿ ಇಲ್ಲ, ಮೀನಿಲ್ಲ, ವಿಭೂತಿ ಮ್ಯಾಲ ಆಣಿ," ಎಂದಳು ದಾಕ್ಷಾಯಣಿ. ಬೆಲೆ ಇನ್ನೂರ ನಲವತ್ತು ಎಂದು, ತೀರ್ಪು ಕೇಳಲು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಮಗ ಬೇಕಂತಲೇ ಓದಿ ಹೇಳಿದ.

"ಅಯ್ಯ ಶಿವನ! ಇಷ್ಟು ರೊಕ್ಕಕ್ಕ ನನ್ನ ಖಾನಾವಳ್ಯಾಗ ಒಂದು ದಿಬ್ಬಣ ಉಂಡು ಏಳ್ತಿತ್ತಲ್ಲೋ!"

ಕಡ್ಡಿ ಪಕ್ಕಕ್ಕಿಟ್ಟು ಕೈಯಿಂದಲೇ ಒಂದು ತಿಂದಳು. ಖಾರ ಮೂಗಿಗೇರಿತು, ಹಿಂದೆಯೇ ಬೆಲ್ಲದಂಥ ಸಿಹಿ. ಇನ್ನೊಂದು ತಿಂದಳು. ಹಿಟ್ಟು ಹದವಾಗಿ ಬೆಂದಿತ್ತು. ಹಲ್ಲಿಲ್ಲದ ಕಡೆಯೂ ಹೇಳಿದ ಮಾತು ಕೇಳಿತು. ಬಟ್ಟಲು ಬರಿದಾಯಿತು. ಭೇಷ್ ಹುಡುಗಿ ಎಂದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕಣ್ಣು ಮೂಲೆಗೆ ಹೋಯಿತು.

ಅಲ್ಲಿ ಐವರಲ್ಲಿ ಒಬ್ಬನ, ನೀಲಿ ಕೂದಲಿನವನ, ದೊಡ್ಡ ಪಟ. ಸುತ್ತ ಬಿಳಿ ಸೇವಂತಿಗೆ. ಮುಂದೆ ಉರಿಯುವ ಮೇಣದಬತ್ತಿ. ತಟ್ಟೆಯಲ್ಲಿ ಕೇಕು, ಕಡುಬು, ಕಾಫಿ, ಯಾರೂ ಮುಟ್ಟದ ಹಾಗೆ ಇಟ್ಟ ಎಡೆ. ಇಬ್ಬರು ಹುಡುಗಿಯರು ಟಿ.ವಿ.ಯಲ್ಲಿ ಅವನ ಹಾಡು ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು.

ಚನ್ನವೀರಮ್ಮ ಪಟದ ಕಡೆ ಕೈ ಮುಗಿದಳು. ಅಯ್ಯೋ ಕೂಸೇ, ಮೀಸೆ ಕೂಡ ಸರಿಯಾಗಿ ಬಂದಿಲ್ಲವಲ್ಲೋ! ಹೆತ್ತವಳು ಹೇಗೆ ತಡೆದುಕೊಂಡಳೋ. ತೆರೆದ ಬಾಯಿ ಮುಚ್ಚಿಕೊಂಡಳು. ಸತ್ತವರ ಎಡೆ ಇಟ್ಟ ಕಡೆ ಅಮೃತವನ್ನೇ ಬಡಿಸಿದರೂ ಚಲೋ ಐತಿ ಎನ್ನಬಾರದು. ಏಳುವಾಗ ಹೋಗಿ ಬರ್ತೀನಿ ಅಂತೂ ಅನ್ನಲೇಬಾರದು. ಇದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತು. ಕೈ ತೊಳೆದು, ಸೆರಗು ಹೊದ್ದು, ಮಾತಿಲ್ಲದೆ ಬಾಗಿಲ ಕಡೆ ನಡೆದಳು.

"ಹೆಂಗಿತ್ತು ಅಜ್ಜಿ?" ದಾಕ್ಷಾಯಣಿಯ ದನಿ ಸಣ್ಣದಾಗಿತ್ತು.

ಚನ್ನವೀರಮ್ಮ ಅವಳ ಬೆನ್ನು ಸವರಿದಳು, ಅಷ್ಟೇ.

"ಆತಲ್ಲ! ಅವ್ವ ಒಂದು ಮಾತೂ ಆಡ್ಲಿಲ್ಲ," ಚನ್ನಬಸವರಾಜ ಎದ್ದು ನಿಂತ. "ಬಾಗ್ಲು ಹಾಕು. ಕೀಲಿ ಕೊಡು."

"ಹಾಕ್ಲಿ ಬಿಡಪ್ಪ, ಇಂಥಾ ಹೊತ್ತಿನ್ಯಾಗ ಅಂಗಡಿ ತೆಗ್ಯಾದು ಚಂದಲ್ಲ," ಎಂದಳು ಮುದುಕಿ.

ದಾಕ್ಷಾಯಣಿ ಗಳಗಳನೆ ಅತ್ತುಬಿಟ್ಟಳು. ಅತ್ತು ಅತ್ತೇ ಸೊಂಟದಿಂದ ಕೀಲಿ ಬಿಚ್ಚಿದಳು. ಮುದುಕಿ ಅವಳನ್ನು ಅಪ್ಪಿಕೊಂಡಳು.

"ಅಳಬ್ಯಾಡವ್ವ. ಶಿವನ ಪಾದ ಸೇರ್ಯಾನ, ಅತ್ರ ಹೊಳ್ಳಿ ಬರ್ತಾನೇನು?"

"ಯಾರಜ್ಜಿ?"

"ಆ ನೀಲಿ ಕೂದ್ಲಿನ ಹುಡುಗ."

ದಾಕ್ಷಾಯಣಿ ಅಳು ನಿಲ್ಲಿಸಿದಳು. ಪಟ ನೋಡಿದಳು, ಹೂವು ನೋಡಿದಳು, ಅಜ್ಜಿಯನ್ನು ನೋಡಿದಳು. "ಅಜ್ಜೀ! ಅವ ಗಟ್ಟಿಮುಟ್ಟಾಗಿ ಅದಾನ! ಇವತ್ತು ಹುಟ್ಟಿದ ದಿನ ಅವಂದು!"

"ಹುಟ್ಟಿದ ದಿನಕ್ಕ ಎಡಿ ಇಡ್ತಾರೇನು? ಆ ಹುಡುಗ್ಯಾರು ಅಳಾದ್ಯಾಕ ಮತ್ತ?"

"ಖುಷಿಗೆ ಅಜ್ಜಿ!"

ಇದೆಂಥ ಖುಷಿಯೋ ಚನ್ನವೀರಮ್ಮನಿಗೆ ಇವತ್ತಿಗೂ ತಿಳಿದಿಲ್ಲ. ಆದರೆ ತಿರುಗಿ ಹೋದಳು. ಪಟದ ಮುಂದೆ ನಿಂತು, ನೂರು ವರ್ಷ ಬಾಳಪ್ಪ ಎಂದು ನೆಟಿಗೆ ಮುರಿದಳು. ಮೊಮ್ಮಗಳ ಕೈಯಲ್ಲಿದ್ದ ಕೀಲಿಯನ್ನು ಅವಳ ಸೊಂಟಕ್ಕೇ ವಾಪಸು ಸಿಕ್ಕಿಸಿದಳು.

"ರೇಟು ಇಳಸು. ಕಾಫಿ ಕಾಸು. ಕಡುಬು ಚಲೋ ಐತಿ."

ಆಮೇಲೆ ಹೊಸ್ತಿಲಲ್ಲಿ ನಿಂತು, ಮಗನಿಗೆ ಸರಿಯಾಗಿ ಕೇಳಲಿ ಎಂದು, ಗಟ್ಟಿಯಾಗಿ ಅಂದಳು: "ಹೋಗಿ ಬರ್ತೀನವ್ವ."