ಮಸ್ಕತ್ತಿನಲ್ಲಿ ‘ಲಾಭ’ದ ಗುಂಡಿ

“ಅದ್ ಸಾಲದ್ ಕಾರ್ಡ್ ರತ್ನಕ್ಕ. ಅದ್ರಗೆ ನೋಟ್ ತೆಗ್ದ್ರೆ ತೆಗ್ದ ದಿನದಿಂದ್ಲೇ ಬಡ್ಡಿ. ನಿಮ್ಗದ್ ಬ್ಯಾಡ,” ಎಂದು ಸೌಮ್ಯಶ್ರೀ ಮೇಜಿನ ಮೇಲಿದ್ದ ಕಾರ್ಡುಗಳಲ್ಲಿ ಒಂದನ್ನು ಬೆರಳ ತುದಿಯಿಂದ ಆಚೆ ತಳ್ಳಿದಳು.

ಬ್ರಹ್ಮಾವರದ ಆ ಬ್ಯಾಂಕಿನಲ್ಲಿ ಸೌಮ್ಯಶ್ರೀ ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೇ. ಆದರೆ ಊರಿನ ಹೆಂಗಸರೆಲ್ಲ ಅವಳ ಮೇಜಿಗೇ ಬರುತ್ತಿದ್ದರು, ಗದರದೆ ಮಾತಾಡುವವಳು ಅವಳೊಬ್ಬಳೇ ಎಂಬುದು ಸುದ್ದಿಯಾಗಿತ್ತು. ಕೊಕ್ಕರ್ಣೆಯ ರತ್ನಕ್ಕ ಕುರ್ಚಿಯ ತುದಿಯಲ್ಲಿ ಕುಳಿತು, ತಳ್ಳಿಸಿಕೊಂಡ ಕಾರ್ಡನ್ನು ಪಾಪ ಎಂಬಂತೆ ನೋಡಿದರು. ಅದು ಬಂಗಾರದ ಬಣ್ಣದ್ದು, ಮೂರರಲ್ಲಿ ಅದೇ ಚೆಂದ ಇತ್ತು.

“ಮತ್ತೆ ಈ ನೀಲಿದ್?”

“ಅದ್ ಡಾಲರ್ ಕಾರ್ಡ್. ಇಲ್ಲೇ ದುಡ್ ತುಂಬ್ಸಿ ಕೊಡ್ತ್. ಆದ್ರೆ ನೀವ್ ಹೋಪುದ್ ಮಸ್ಕತ್ತಿಗೆ, ಅಲ್ಲಿ ನಡೂದ್ ರಿಯಾಲ್. ರೂಪಾಯಿ ಡಾಲರ್ ಆಯ್ಕ್, ಡಾಲರ್ ರಿಯಾಲ್ ಆಯ್ಕ್. ಎರಡ್ ಸಲ ಕೈ ಬದ್ಲಾದ್ರೆ ಎರಡ್ ಸಲ ಸೋರತ್ತ್. ಉಳ್ದದ್ ವಾಪಸ್ ತೆಗೂಕೆ ಮತ್ತೆ ನನ್ನತ್ರ ಬರ್ಕ್.”

“ನನ್ ಹಳೇ ಕಾರ್ಡೇ ಆಗ್ದಾ? ಅದ್ರಗೆ ಬಾರ್ಕೂರಲ್ಲೂ ದುಡ್ ಬತ್ತ್.”

“ಬಾರ್ಕೂರಲ್ಲಿ ಬತ್ತ್ ರತ್ನಕ್ಕ. ಅದ್ ಸಮುದ್ರ ದಾಟೂದಿಲ್ಲೆ. ಇದ್ ದಾಟತ್ತ್ ಕಾಣಿ.” ಸೌಮ್ಯಶ್ರೀ ಮೂರನೆಯದನ್ನು ಮುಂದಿಟ್ಟಳು. “ಇದ್ ನಿಮ್ ಖಾತೆದೇ ಕಾರ್ಡ್, ಹೊರದೇಶದಲ್ಲೂ ನಡಿತ್ತ್. ಒಂದೊಂದ್ ಸಲ ತೆಗೂಕೂ ಇಷ್ಟಂತ ಹಿಡೀತ್ರ್, ಅದ್ಕೆ ಚೂರ್ ಚೂರ್ ತೆಗೀಬೇಡಿ. ಬೇಕಾದ್ದ್ ಒಂದೇ ಸಲ ತೆಗ್ದ್ಬಿಡಿ.”

ಎರಡು ಸಾವಿರದ ಹತ್ತನೇ ಇಸವಿಯ ಮಾತು. ಮಗಳು ಸುಪ್ರೀತಾಳಿಗೆ ಮಸ್ಕತ್ತಿನಲ್ಲಿ ದಿನ ತುಂಬುತ್ತಿತ್ತು. ಬಾಣಂತನಕ್ಕೆ ತಾಯಿಯೇ ಹೊರಟಿದ್ದರು. ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ತವರಿನಿಂದ ಒಂದು ಜೊತೆ ಚಿನ್ನದ ಬಳೆ ಹೋಗಬೇಕು. ಊರಲ್ಲೇ ಕೊಂಡು ಪೆಟ್ಟಿಗೆಗೆ ಹಾಕಿಕೊಂಡು ಹೋಗೋಣವೆಂದರೆ, ಹುಟ್ಟದ ಮಗುವಿಗೆ ಒಂದು ಅಂಗಿಯನ್ನೂ ಕೊಳ್ಳಬಾರದೆಂಬುದು ಮನೆಯ ಕಟ್ಟಳೆ. ಹುಟ್ಟಿದ ಮೇಲೆ ಅಲ್ಲಿ ಅಳಿಯನ ದುಡ್ಡಿನಿಂದ ಕೊಂಡರೆ ಅದು ತವರಿನ ಬಳೆಯೇ ಆಗುವುದಿಲ್ಲ. ರತ್ನಕ್ಕ ಮನೆಯ ಕುಚ್ಚಲಕ್ಕಿಯನ್ನು ಸೇರಿನಲ್ಲಿ ಅಳೆದು ಮಾರಿ ಈ ಬಳೆಗೆಂದೇ ಕೂಡಿಟ್ಟಿದ್ದರು. ಆ ದುಡ್ಡು ಈಗ ಅವರ ಜೊತೆಗೇ ಮಸ್ಕತ್ತು ಮುಟ್ಟಬೇಕಿತ್ತು.

“ಹಂಗಾರೆ ನನ್ ದುಡ್ಡನ್ನ ಅಲ್ಲಿಗೆ ಕಳಿಸ್ತ್ರಾ ನೀವ್?”

“ಇಲ್ಲೆ. ದುಡ್ ಇಲ್ಲೇ ಇರತ್ತ್.”

“ಇಲ್ಲೇ ಇದ್ರೆ ಅಲ್ಲಿ ಕೈಗೆ ಬಪ್ಪುದ್ ಯಾರದ್ದ್?”

“ಅಲ್ಲಿಯವ್ರದ್. ಅವ್ರ್ ನಿಮ್ಗೆ ಕೊಡ್ತ್ರ್, ನಾವ್ ಅವ್ರಿಗ್ ಕೊಡ್ತ್.”

ರತ್ನಕ್ಕ ಕಾರ್ಡನ್ನು ಕೈಗೆತ್ತಿ ತಿರುಗಿಸಿ ನೋಡಿದರು. ಕೊಕ್ಕರ್ಣೆ ಪೇಟೆಯಲ್ಲಿ ಅರ್ಧ ಸೇರು ಅಕ್ಕಿ ಕಡ ಕೊಡುವುದಕ್ಕೂ ಯಾರ ಸೊಸೆ, ಯಾರ ಮಗಳು ಎಂದು ಕೇಳುತ್ತಾರೆ.

“ನನ್ ಗುರ್ತ ಇಲ್ದೆ ಕೊಡ್ತ್ರಾ ಹೆಣ್ಣೆ? ಬ್ರಹ್ಮಾವರದ ಮಾತ್ ನಂಬಿ?”

“ನಂಬ್ತ್ರ್. ನೀವ್ ಗುಟ್ಟಿನ ನಂಬ್ರ ಸರಿ ಒತ್ತಿದ್ರೆ ಸೈ. ಅದನ್ನ ಮಾತ್ರ ಯಾರಿಗೂ ಹೇಳೂಕಾಗ. ಮಗ್ಳಿಗೂ, ಅಳಿಯಂಗೂ.”

ಗುಟ್ಟಿನ ಸಂಖ್ಯೆ ಮೊಹರು ಮಾಡಿದ ಲಕೋಟೆಯಲ್ಲಿ ಬಂತು. ರತ್ನಕ್ಕ ಒಡೆದು ಓದಿದರು, ಬಾಯಿಪಾಠ ಮಾಡಿದರು, ಕಾಗದವನ್ನು ಬಚ್ಚಲೊಲೆಗೆ ಹಾಕಿದರು. ಬಾಯಿಪಾಠ ಮಾಡಿದ್ದು ಅಕ್ಕಿ ಅಳೆಯುವ ರಾಗದಲ್ಲಿ. ಸೇರಿನಿಂದ ಅಳೆಯುವವರು ಮೊದಲ ಸೇರನ್ನು ‘ಒಂದು’ ಎನ್ನುವುದಿಲ್ಲ. ಒಂದು ಅಂದರೆ ಒಂದಕ್ಕೇ ನಿಂತುಬಿಟ್ಟೀತೆಂದು ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಹೋಗುತ್ತದೆ. ರತ್ನಕ್ಕನ ಸಂಖ್ಯೆ ಶುರುವಾಗುವುದೇ ಒಂದರಿಂದ. ಹಾಗಾಗಿ ಅವರ ಬಾಯಲ್ಲಿ ಅದು ‘ಲಾಭ’ವಾಗಿ ಕೂತಿತು. ಮುಂದಿನ ಮೂರು ಅಂಕಿಗಳನ್ನು ಇಲ್ಲಿ ಬರೆಯುವುದು ಬೇಡ, ಸೌಮ್ಯಶ್ರೀಗೆ ಮಾತು ಕೊಟ್ಟಾಗಿದೆ. ಬ್ರಹ್ಮಾವರದ ಯಂತ್ರದಲ್ಲಿ ಅವರೇ ಒತ್ತಿ ಒಮ್ಮೆ ದುಡ್ಡು ತೆಗೆದೂ ನೋಡಿದರು. ಬಂತು.

ಮಸ್ಕತ್ತಿಗೆ ಹೋಗಿ ಹತ್ತು ದಿನಕ್ಕೆಲ್ಲ ಹೆಣ್ಣುಮಗು ಹುಟ್ಟಿತು. ಅಳಿಯ ಪ್ರವೀಣ್ ಹಂಗಾರಕಟ್ಟೆಯ ಹುಡುಗ. ಅವನ ಮನೆಯವರದ್ದು ಬಲೆ, ಹಗ್ಗ ಮಾರುವ ಅಂಗಡಿ. ಅವನು ಮಸ್ಕತ್ತಿನ ಬಂದರಿನಲ್ಲಿ ಕೆಲಸಕ್ಕಿದ್ದ. ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಚಿನ್ನದಂಗಡಿಗೆ ಹೋದ. ಬಳೆ ಆರಿಸುವುದು ಬೇಗ ಮುಗಿಯಿತು. ರತ್ನಕ್ಕ ಕಾರ್ಡು ಮುಂದೆ ಹಿಡಿದಾಗ ಅಂಗಡಿಯ ಮಲಯಾಳಿ, ಕಾರ್ಡಾದರೆ ನೂರಕ್ಕೆ ಇಷ್ಟು ಮೇಲೆ ಕೊಡಬೇಕು, ನೋಟಾದರೆ ಅಂಗಡಿಯ ಬೆಲೆಯೇ ಅಂದ. ಪ್ರವೀಣ್ ತಟ್ಟನೆ ಕಿಸೆಗೆ ಕೈ ಹಾಕಿದ.

“ಈಗ ನಾನ್ ಕೊಡ್ತೆ ಅತ್ತೆ. ಊರಿಗ್ ಬಂದಾಗ ಕೊಟ್ರೆ ಆಯ್ತ್.”

“ಕಿಸೆಯಿಂದ ಕೈ ತೆಗೀನಿ ಮಾರಾಯ್ರೆ! ಆಗ ಅದ್ ನಿಮ್ಮನೆ ಬಳೆ ಆತ್ತ್. ನಾನ್ ಬರೀ ಹೊತ್ಕಂಡ್ ಬಂದವ್ಳ್ ಆತೆ,” ಎಂದರು ರತ್ನಕ್ಕ. “ನೋಟ್ ಕೊಡು ಗೋಡೆ ಎಲ್ಲಿತ್ ಹೇಳಿ.”

ಆ ಗೋಡೆ ಅಂಗಡಿಯ ಹೊರಗೇ ಇತ್ತು. ಎದುರು ಬೋಳು ಬೋಳಾದ ಕಂದು ಗುಡ್ಡ. ಒಂದು ಹುಲ್ಲುಕಡ್ಡಿಯೂ ಇಲ್ಲದ ಅಂಥ ಗುಡ್ಡವನ್ನು ರತ್ನಕ್ಕ ಹುಟ್ಟಿದ ಮೇಲೆ ನೋಡಿದ್ದಿಲ್ಲ. ಬಿಸಿಲು ಆ ಗುಡ್ಡಕ್ಕೆ ಬಡಿದು ಯಂತ್ರದ ಗಾಜಿನ ಮೇಲೆ ಬೀಳುತ್ತಿತ್ತು. ಗಾಜಿನಲ್ಲಿ ಅವರಿಗೆ ಕಂಡದ್ದು ತಮ್ಮದೇ ಮುಖ. ಪ್ರವೀಣ್ ಕಾರ್ಡು ತೂರಿಸಿ, ಇಂಗ್ಲಿಷ್ ಒತ್ತಿ, ಗುಟ್ಟು ಕೇಳುವ ಜಾಗಕ್ಕೆ ತಂದು ಪಕ್ಕಕ್ಕೆ ಸರಿದ.

ರತ್ನಕ್ಕ ಬಗ್ಗಿ ನೋಡಿದರು. ಬ್ರಹ್ಮಾವರದಲ್ಲಿ ಕೆಂಪು ಹಳದಿ ಗುಂಡಿಗಳು ಬಲಕ್ಕಿದ್ದವು, ಇಲ್ಲಿ ಎಡಕ್ಕೆ. ಅಂಕಿಗಳ ಬಣ್ಣ ಎಷ್ಟೋ ಜನರ ಬೆರಳಿಗೆ ಸವೆದು ಹೋಗಿತ್ತು. ಒಂದೆರಡು ಗುಂಡಿಗಳಂತೂ ನುಣ್ಣಗೆ, ಬರೀ ಬಿಳಿ.

“ಪ್ರವೀಣ್, ಇದ್ರಗೆ ಲಾಭ ಎಲ್ಲಿತ್?”

“ಎಂತದ್ದ್?”

“ಲಾಭ. ಅದೊಂದ್ ತೋರ್ಸಿ ಸಾಕ್. ಅಲ್ಲಿಂದ ಮುಂದೆ ನಾನೇ ಹೋತೆ.”

ಪ್ರವೀಣ್ ಗಾಜಿಗೆ ಕೈ ಅಡ್ಡ ಹಿಡಿದು ಮೇಲಿಂದ ಕೆಳಗೆ ಓದಿದ. “ಲಾಭ ಅಂದ್ರೆ ಬಡ್ಡಿಯಾ ಅತ್ತೆ? ಬಡ್ಡಿ ಲೆಕ್ಕ ಇದ್ರಗೆ ತೋರ್ಸುದಿಲ್ಲೆ.”

“ಬಡ್ಡಿ ಎಂತಕ್? ಲಾಭ ಅಂದೆ ನಾನ್!”

“ಅದೇ ಅಲ್ದಾ, ಲಾಭ ಬಪ್ಪುದ್ ಬಡ್ಡಿಯಿಂದ್ಲೇ...”

“ಅಯ್ಯೋ ದೇವ್ರೆ, ಇವ್ರಿಗೆ ಎಣ್ಸೂಕೇ ಬತ್ತಿಲ್ಲೆ!”

ಅಷ್ಟರಲ್ಲಿ ಯಂತ್ರ ಬೇಸರಗೊಂಡು ಕುಂಯ್ ಕುಂಯ್ ಎಂದು ಕಾರ್ಡನ್ನು ಹೊರಗೆ ನೂಕಿತು. ರತ್ನಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡರು. ಮೂರು ಸಲ ತಪ್ಪು ಒತ್ತಿದರೆ ಕಾರ್ಡು ಸತ್ತ ಹಾಗೆ ಎಂದು ಸೌಮ್ಯಶ್ರೀ ಹೇಳಿದ್ದಳು. ಇದು ತಪ್ಪಿನ ಲೆಕ್ಕವೋ ಅಲ್ಲವೋ ಗೊತ್ತಿಲ್ಲ. ನಾಳೆ ಬೆಳಗಾದರೆ ತೊಟ್ಟಿಲು. ಬರಿಗೈಯಲ್ಲಿ ಮೊಮ್ಮಗಳ ಎದುರು ನಿಲ್ಲುವುದು ಹೇಗೆ?

“ನಂಬ್ರ ನಂಗ್ ಹೇಳಿ ಅತ್ತೆ, ನಾನ್ ಒತ್ತತೆ,” ಎಂದ ಪ್ರವೀಣ್ ಮೆಲ್ಲಗೆ.

“ಹೇಳೂಕಾಗ ಮಗಾ. ಆ ಹೆಣ್ಣಿಗೆ ಮಾತ್ ಕೊಟ್ಟಿದ್ದೆ.”

ಅವನು ಮತ್ತೇನೂ ತೋಚದೆ ಹೆಂಡತಿಗೆ ಫೋನು ಹಚ್ಚಿದ. “ಹ್ವಾಯ್, ನಿನ್ನಮ್ಮ ಇಲ್ಲಿ ಮಿಷಿನಿನಗೆ ಲಾಭ ಹುಡುಕ್ತಿದ್ರ್. ಎಂತ ಅದ್?”

ಆಚೆಯಿಂದ ಮೊದಲು ಬಂದದ್ದು ನಗು. ಸುಪ್ರೀತಾ ಎಷ್ಟು ನಕ್ಕಳೆಂದರೆ ಪಕ್ಕದಲ್ಲಿ ಮಲಗಿದ್ದ ಮಗು ಎದ್ದು ಅಳುವುದೂ ಕೇಳಿಸಿತು. “ಅಯ್ಯೋ, ಹಗ್ಗದ್ ಅಂಗ್ಡಿಯವ್ರೆ! ಅಕ್ಕಿ ಅಳೂದ್ ಕಂಡಿದ್ರೇ ಇಲ್ಲ್ಯಾ? ಮೊದಲ್ನೇ ಸೇರ್ ಲಾಭ. ನಿಮ್ ಲೆಕ್ಕದಗೆ ಒಂದ್!”

ಪ್ರವೀಣ್ ಫೋನು ಇಟ್ಟು ಅತ್ತೆಯ ಮುಖ ನೋಡಿದ. ಕಾರ್ಡನ್ನು ಮತ್ತೆ ತೂರಿಸಿ, ಗುಟ್ಟಿನ ಜಾಗಕ್ಕೆ ತಂದು, ಅವರ ತೋರುಬೆರಳನ್ನು ಹಿಡಿದು ಮೇಲಿನ ಸಾಲಿನ ಎಡತುದಿಯ ನುಣ್ಣನೆ ಗುಂಡಿಯ ಮೇಲಿಟ್ಟ.

“ಲಾಭ ಇಲ್ಲಿತ್ ಅತ್ತೆ. ಇಲ್ಲಿಂದ ಮೂರ್ ಮೂರ್ ಒಂದ್ ಸಾಲ್. ಸೊನ್ನೆ ಕೆಳಗೆ ನಡು.” ಎಂದವನೇ ಬೆನ್ನು ತಿರುಗಿಸಿ, ಗುಡ್ಡಕ್ಕೆ ಮುಖ ಮಾಡಿ ನಿಂತ.

ರತ್ನಕ್ಕ ಕಣ್ಣು ಮುಚ್ಚಿದರು. ಬೆರಳು ತಡವುತ್ತ, ತುಟಿಯೊಳಗೇ ಎಣಿಸುತ್ತ ಹೋಯಿತು. ನಾಲ್ಕು ಅಂಕಿಯಾಯಿತು. “ಆಯ್ತ್,” ಎಂದಾಗ ಪ್ರವೀಣ್ ತಿರುಗಿ ಬಳೆಯ ಬೆಲೆಯಷ್ಟು ಮೊತ್ತ ಒತ್ತಿದ. ಗೋಡೆಯೊಳಗೆ ಏನೋ ಗರಗರ ಅಂದಿತು. ಗೆರಸೆಯಲ್ಲಿ ಅಕ್ಕಿ ಆಡಿಸಿದ ಸದ್ದಿನಂತೆ ಕೇಳಿಸಿತು ಅವರಿಗೆ. ಕಣ್ಣು ಬಿಟ್ಟರೆ ಯಂತ್ರದ ಸಂದಿನಲ್ಲಿ ಗರಿಗರಿ ನೋಟುಗಳು, ಅವುಗಳ ಮೇಲೆ ಯಾವುದೋ ದೇಶದ ರಾಜನ ಮುಖ, ಓದಲು ಬಾರದ ಬಳ್ಳಿಯಂಥ ಅಕ್ಷರ. ಅವರು ಕೈ ಮುಂದೆ ಮಾಡಲಿಲ್ಲ.

“ತೆಗೀನಿ ಅತ್ತೆ, ಇಲ್ದಿರೆ ಒಳಗೆ ಎಳ್ಕಂತ್ತ್!”

ರತ್ನಕ್ಕ ಬಲಗೈಯಿಂದ ತೆಗೆದುಕೊಂಡರು. ನೋಟು ಬೆಚ್ಚಗಿತ್ತು. ಆಗಷ್ಟೇ ಯಾರದೋ ಮಡಿಲಿನಿಂದ ತೆಗೆದು ಕೊಟ್ಟ ಹಾಗೆ. ಕೊಕ್ಕರ್ಣೆಯ ಜಗಲಿಯಲ್ಲಿ ಕೂತು ಅಳೆದ ಒಂದೊಂದು ಸೇರು ಅಕ್ಕಿಯೂ ಸಮುದ್ರ ದಾಟಿ ಬಂದು, ಮರವಿಲ್ಲದ ಈ ಗುಡ್ಡದ ಬುಡದಲ್ಲಿ ಅವರ ಹೆಸರು ಹಿಡಿದು ಕರೆದಿತ್ತು. ಇಲ್ಲಿ ಅವರ ಭಾಷೆ ಬಲ್ಲವರಿಲ್ಲ, ಅವರು ಯಾರ ಸೊಸೆಯೆಂದು ಕೇಳಿದವರಿಲ್ಲ. ಆದರೂ ಕೊಟ್ಟರು.

“ಗುರ್ತ ಹಿಡೀತಲ್ಲ ಪ್ರವೀಣ್! ಈ ಗೋಡೆಗೆ ನನ್ ಗುರ್ತ ಸಿಕ್ತಲ್ಲ!”

ಅವನು ಉತ್ತರ ಹೇಳುವ ಮೊದಲೇ ಅವನ ಫೋನು ಬಡಿದುಕೊಂಡಿತು. ಊರಿನಿಂದ ರತ್ನಕ್ಕನ ಗಂಡ ಚಂದ್ರಣ್ಣ. ಹೆಂಡತಿಯ ಖಾತೆಗೆ ಕೊಟ್ಟದ್ದು ಅವರ ಮೊಬೈಲಿನ ನಂಬರು. ರತ್ನಕ್ಕ ಫೋನನ್ನು ಈಸಿಕೊಂಡು ಕಿವಿಯಿಂದ ಅಷ್ಟು ದೂರ ಹಿಡಿದರೂ ಗಂಡನ ದನಿ ಬೀದಿಗೆಲ್ಲ ಕೇಳುತ್ತಿತ್ತು.

“ಹ್ವಾಯ್ ರತ್ನಾ! ಈಗ ಮೆಸೇಜ್ ಬಂತ್ ಕಾಣ್! ಯಾರೋ ನಿನ್ ಖಾತೆಗೆ ಕೈ ಹಾಕಿದ್ರ್! ನಾನ್ ಬ್ಯಾಂಕಿಗ್ ಓಡ್ತೆ!”

“ಓಡ್ಬೇಡಿ ಮಾರಾಯ್ರೆ. ಆ ಯಾರೋ ನಾನೇ.”

“ನೀನಾ? ನೀ ಮಸ್ಕತ್ತಗೆ ಇದ್ದೆ ಅಲ್ದಾ?”

“ಮಸ್ಕತ್ತಗೇ ಇದ್ದೆ. ಇಲ್ಲಿಂದ್ಲೇ ಬ್ರಹ್ಮಾವರಕ್ಕೆ ಕೈ ಹಾಕ್ದೆ.”

ಕೊಕ್ಕರ್ಣೆಯ ಯಾವುದೋ ಬಸ್ಸಿನ ಹಾರನ್ನು ಫೋನಿನಲ್ಲಿ ಉದ್ದಕ್ಕೆ ಕೇಳಿಸಿತು. ಆಮೇಲೆ ಚಂದ್ರಣ್ಣ ಅಂದದ್ದಿಷ್ಟೇ: “ಕೈ ಅಷ್ಟ್ ಉದ್ದ ಆಯ್ತಾ ನಿಂದ್!”

ಮರುದಿನ ಬಳೆ ಮಗುವಿನ ಕೈಯೇರಿತು. ಬಂದವರೆಲ್ಲ ಊಟಕ್ಕೆ ನಿಂತಿದ್ದರಿಂದ ಅನ್ನ ಸಾಲದಾಯಿತು. ರತ್ನಕ್ಕ ಬಾಣಂತಿಯ ಕೋಣೆಯಲ್ಲಿದ್ದರು, ಹಾಗಾಗಿ ಇನ್ನೊಂದು ಪಾತ್ರೆಗೆ ಅಕ್ಕಿ ಹಾಕಲು ಪ್ರವೀಣನೇ ಅಡುಗೆಮನೆಗೆ ಹೋದ. ಡಬ್ಬದಲ್ಲಿ ಸ್ಟೀಲಿನ ಲೋಟ ಮುಳುಗಿಸಿ, ತಲೆ ಸಮ ಮಾಡಿ ಎತ್ತಿದವನು ಸುರಿಯುವ ಮೊದಲು ಒಂದು ಚಣ ತಡೆದ. ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡು, ತುಟಿ ಆಡಿಸಿ, ಮೊದಲ ಲೋಟವನ್ನು ಪಾತ್ರೆಗೆ ಸುರಿದ.