ಇನ್ನೂರ ನಲವತ್ತೊಂದನೆಯ ಪುಟ

ನಮ್ಮ ಓದುಗರ ಕೂಟಕ್ಕೆ ಇದ್ದದ್ದು ಒಂದೇ ಕಟ್ಟುನಿಟ್ಟಿನ ನಿಯಮ: ಯಾವ ಪುಸ್ತಕದ ಕೊನೆಯನ್ನೂ ಯಾರೂ ಬಾಯಿಬಿಟ್ಟು ಹೇಳಕೂಡದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಅಂಟಿನ ವಾಸನೆಯ ನಡುವೆ ಏಳೆಂಟು ಮಂದಿ ಸೇರುತ್ತಿದ್ದೆವು. ಮೆಚ್ಚಿನ ಕಾದಂಬರಿ ತಂದವರು ಎದ್ದು ನಿಂತು, ಅದನ್ನು ಏಕೆ ಓದಬೇಕೆಂದು ಐದು ನಿಮಿಷ ಮಾತಾಡಬೇಕು. ಆಸೆಯಾದವರು ಕೈ ಎತ್ತಿ ಒಯ್ಯಬೇಕು. ಓದಿ ಮುಗಿಸಿದ ಮೇಲೆ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಸಹಿ ಮಾಡಿ, ತಾರೀಕು ಬರೆದು ಮರಳಿಸಬೇಕು. ಹೇಗಿತ್ತು ಎಂದರೆ 'ಚೆನ್ನಾಗಿತ್ತು', ಇಲ್ಲವೇ 'ನನಗೆ ಹಿಡಿಸಲಿಲ್ಲ'. ಅದಕ್ಕಿಂತ ಮುಂದೆ ಯಾರಾದರೂ ನಾಲಿಗೆ ಹೊರಳಿಸಿದರೆ ಬೈಂಡಿಂಗಿನವನು ಮರದ ಸುತ್ತಿಗೆಯಿಂದ ಮೇಜು ಬಡಿಯುತ್ತಿದ್ದ. ಅವನು ಪುಸ್ತಕ ಹೊಲಿಯುತ್ತಿದ್ದನೇ ಹೊರತು ಓದುತ್ತಿರಲಿಲ್ಲ. ಆದ್ದರಿಂದಲೇ ಅವನನ್ನು ನ್ಯಾಯಾಧೀಶನನ್ನಾಗಿ ಕೂರಿಸಿದ್ದೆವು.

ಆ ಕೋಣೆಯಲ್ಲಿ ನನ್ನ ಮಾತಿಗೆ ತೂಕವಿತ್ತು. ಮೂವತ್ತೆಂಟು ವರ್ಷ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿದವನು ನಾನು. ಸಂಜೆಗಳಲ್ಲಿ ನವ್ಯ ಕವಿತೆ ಓದುವ ಚಟ. ಅರ್ಧಕ್ಕೆ ಮುರಿದ ಸಾಲು, ಹೇಳದೆ ಬಿಟ್ಟ ಮಾತು, ಪುಟದ ಕೆಳಗೆ ಉಳಿದ ಬಿಳಿ ಜಾಗ, ಇವುಗಳ ಮೇಲೆ ನನಗೆ ಯೌವನದಿಂದಲೂ ವಿಪರೀತ ಮೋಹ. ನಾನು ಪದೇಪದೇ ಕೊಂಡಾಡುತ್ತಿದ್ದ ಕಾದಂಬರಿಯೂ ಅಂಥದ್ದೇ. ಒಂದೇ ಪುಸ್ತಕ ಬರೆದು ಸುಮ್ಮನಾದ ಲೇಖಕಿಯೊಬ್ಬಳದು. ಇಬ್ಬರು ಅಕ್ಕತಂಗಿಯರು ಸೇರಿ ಹೊಲಿಗೆ ಅಂಗಡಿ ನಡೆಸುತ್ತಾರೆ, ಜಗಳವಾಡಿ ಬೇರೆಯಾಗುತ್ತಾರೆ, ಇಪ್ಪತ್ತು ವರ್ಷ ಮಾತಿಲ್ಲ, ಕತೆಯಿಲ್ಲ. ಒಂದು ಸಂಜೆ ತಂಗಿ ಅಕ್ಕನ ಮನೆಯ ಗೇಟಿನವರೆಗೆ ಬರುತ್ತಾಳೆ. ಇನ್ನೂರ ನಲವತ್ತನೆಯ ಪುಟದ ಕೊನೆಯ ಸಾಲು ಹೀಗಿದೆ: 'ಅವಳು ಚಿಲಕದ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.'

ಅಷ್ಟೇ. ಕೆಳಗೆ 'ಮುಗಿಯಿತು' ಎಂಬ ಮಾತೂ ಇಲ್ಲ. ಆ ಮಾತು ಇಲ್ಲದಿರುವುದೇ ನನಗೆ ಲೇಖಕಿಯ ಎದೆಗಾರಿಕೆಯಾಗಿ ಕಂಡಿತ್ತು. ಕೊನೆಯನ್ನು ಹೇಳದೆ, ಅದರ ಸುತ್ತ ಸುಳಿದಾಡುತ್ತ, 'ಕೆಲವು ಬಾಗಿಲುಗಳನ್ನು ತಟ್ಟದಿರುವುದೂ ಪ್ರೀತಿಯೇ' ಎಂದು ಮೂವತ್ತು ವರ್ಷ ಉಪನ್ಯಾಸ ಮಾಡಿದೆ. ಇಪ್ಪತ್ತಮೂರು ಮಂದಿ ಓದಿ ಸಹಿ ಮಾಡಿದ್ದರು.

ಇಪ್ಪತ್ತಮೂರನೆಯ ಸಹಿ, ಕೂಟದಲ್ಲಿ ನಾವೆಲ್ಲ ಇಸ್ತ್ರಿಯಕ್ಕ ಎಂದು ಕರೆಯುವವರದು. ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ ಆಕೆ ಮೇಲ್ವಿಚಾರಕಿ, ಐವತ್ತೈದರ ಆಸುಪಾಸು, ಪುಸ್ತಕದ ಮೂಲೆ ಮಡಚುವವರನ್ನು ಕಂಡರೆ ಉರಿದುಬೀಳುವವರು. ಹೋದ ಭಾನುವಾರ ಕಾದಂಬರಿಯನ್ನು ಮರಳಿಸಿ, ಮೆಟ್ಟಿಲಿಳಿಯುವಾಗ ನನ್ನನ್ನು ತಡೆದು ನಿಲ್ಲಿಸಿದರು.

"ಯಜಮಾನ್ರೇ, ಕೊನೆ ಮಾತಾಡ್ಬಾರ್ದು ಅಂತ ಗೊತ್ತು. ಇದು ಮೆಟ್ಟಿಲು, ಕೂಟ ಅಲ್ಲ. ಅದಕ್ಕೇ ಹೇಳ್ತೀನಿ. ನಮ್ಮಕ್ಕ ಮಗನ ಮನೆಗೆ ಅಂತ ಇದೇ ಊರಿಗೆ ಬಂದಿದಾಳೆ. ಬುಧವಾರ ಮಧ್ಯಾಹ್ನ ಎರಡೂ ಹತ್ತರ ರೈಲಿಗೆ ಹೊರಡ್ತಾಳೆ, ಮಗಳ ಹತ್ರ, ಇನ್ನು ವಾಪಸ್ಸು ಬರೋ ಮಾತಿಲ್ಲ. ಹತ್ತೊಂಬತ್ತು ವರ್ಷದಿಂದ ನಾವು ಮಾತಾಡಿಲ್ಲ."

"ಯಾಕಮ್ಮಾ?"

"ಅಮ್ಮಂಗೆ ಹುಷಾರಿಲ್ಲದಾಗ ನನಗೆ ಒಂದು ಮಾತೂ ಹೇಳ್ದೆ ತನ್ನ ಮನೆಗೆ ಕರ್ಕೊಂಡು ಹೋದ್ಲು. ಅಮ್ಮ ಹೋದ ಮೇಲೆ ಹೇಳಿಕಳ್ಸಿದ್ಲು. ಹೋಗ್ಲಿ ಬಿಡಿ. ಸ್ಟೇಷನ್ನಿಗೆ ಹೋಗ್ಲಾ ಬೇಡ್ವಾ ಅಂತ ಒಂದು ವಾರದಿಂದ ನಿದ್ದೆ ಇರ್ಲಿಲ್ಲ. ನಿಮ್ಮ ಕಾದಂಬರಿ ಓದಿದ ಮೇಲೆ ಹಗುರಾಯ್ತು. ತಟ್ಟಬಾರದ ಬಾಗಿಲನ್ನ ತಟ್ಟಬಾರದು. ಹೋಗಲ್ಲ ಅಂತ ತೀರ್ಮಾನ ಮಾಡ್ಬಿಟ್ಟೆ."

ನಾನು ತಲೆದೂಗಿದೆ. ಪುಸ್ತಕವೊಂದು ಒಬ್ಬರ ಬದುಕಿನ ಒಳಗೆ ಹೋಗಿ ಕುಳಿತಿತಲ್ಲ ಎಂಬ ಹೆಮ್ಮೆಯಲ್ಲಿ ಮನೆಯವರೆಗೂ ನಡೆದೇ ಬಂದೆ.

ಬುಧವಾರ ಹತ್ತೂವರೆಗೆ ಗಡಿಯಾರ ರಿಪೇರಿಯವನು ಬಾಗಿಲಿಗೆ ಬಂದ. ಕೂಟಕ್ಕೆ ಸೇರಿ ಎರಡು ತಿಂಗಳಾದ, ಮಾತಿಗೆ ಮುಂಚೆ ನಗುವ ಗೃಹಸ್ಥ. ಕೈಯಲ್ಲಿ ಹಳದಿಗಟ್ಟಿದ ಪುಸ್ತಕ.

"ಫುಟ್‌ಪಾತಿನಲ್ಲಿ ಸಿಕ್ತು ಸಾರ್. ನೀವು ಅಷ್ಟು ಹೊಗಳ್ತೀರಲ್ಲ, ಅದೇ. ರಾತ್ರಿಯಿಂದ ಶುರು ಮಾಡಿದೀನಿ, ಇನ್ನೂ ಅರವತ್ತು ಪುಟ ಆಗಿದೆ. ಇದು ನಿಮ್ಮದೇ ಮುದ್ರಣಾನಾ ನೋಡಿ."

ಮುದ್ರಣ ಅದೇ, ಹೊದಿಕೆಯೂ ಅದೇ. ಕೈಗೆ ತೆಗೆದುಕೊಂಡೊಡನೆ ಮಾತ್ರ ಹೆಬ್ಬೆರಳಿಗೆ ಏನೋ ಕಸಿವಿಸಿಯಾಯಿತು. ಕಣ್ಣಿಗಿಂತ ಬೆರಳು ಹಳೆಯ ಕಸುಬನ್ನು ಹೆಚ್ಚು ದಿನ ನೆನಪಿಟ್ಟುಕೊಳ್ಳುತ್ತದೆ. ನನ್ನ ಪ್ರತಿಯನ್ನು ತಂದು ಪಕ್ಕದಲ್ಲಿಟ್ಟೆ. ಅವನದು ಕೂದಲೆಳೆಯಷ್ಟು ಹೆಚ್ಚು ದಪ್ಪ. ಹಿಂದಿನಿಂದ ತೆರೆದೆ. ಕೊನೆಯ ಪುಟದ ಸಂಖ್ಯೆ ಇನ್ನೂರ ಐವತ್ತಾರು.

ಅಚ್ಚಿನವರ ಲೆಕ್ಕದಲ್ಲಿ ಹದಿನಾರು ಪುಟ ಒಟ್ಟಿಗೆ ಮಡಚಿದ ಕಟ್ಟಿಗೆ ಒಂದು ಫಾರಂ. ನನ್ನ ಪ್ರತಿಗೆ ಹದಿನೈದೇ ಫಾರಂ ಹೊಲಿದು ರಟ್ಟು ಅಂಟಿಸಿದ್ದರು. ಕೊನೆಯ ಫಾರಂ ಎಲ್ಲಿಯೋ ನೆಲಕ್ಕೆ ಬಿದ್ದು ಕಸವಾಗಿತ್ತು. ಯಾರದೋ ಪುಸ್ತಕದಲ್ಲಿ ಅಲ್ಪವಿರಾಮ ಬಿಟ್ಟುಹೋದರೆ ಕುರ್ಚಿಯಿಂದ ಏಳುತ್ತಿದ್ದ ನಾನು, ಹದಿನಾರು ಪುಟ ಇಲ್ಲದ್ದನ್ನು ಮೂವತ್ತು ವರ್ಷ ಮೌನದ ಸೌಂದರ್ಯವೆಂದು ಓದಿದ್ದೆ.

ಇನ್ನೂರ ನಲವತ್ತೊಂದನೆಯ ಪುಟದ ಮೊದಲ ಸಾಲು: 'ಚಿಲಕದ ಬಣ್ಣ ಇನ್ನೂ ಹಸಿಯಾಗಿತ್ತು. ಕರವಸ್ತ್ರದಲ್ಲಿ ಬೆರಳುಗಳನ್ನು ಒರೆಸಿಕೊಂಡು, ಅವಳು ಮತ್ತೆ ಚಿಲಕಕ್ಕೆ ಕೈ ಹಾಕಿದಳು.'

ಪುಸ್ತಕವನ್ನು ಮುಚ್ಚಿಬಿಟ್ಟೆ.

"ಯಾಕೆ ಸಾರ್, ಮುಖ ಒಂಥರಾ ಆಯ್ತು?"

"ಇದನ್ನು ಒಂದು ದಿನದ ಮಟ್ಟಿಗೆ ನನಗೆ ಕೊಡಿ."

"ಅರವತ್ತನೇ ಪುಟದಲ್ಲಿ ಬಿಟ್ಟಿದೀನಿ ಸಾರ್. ಬಸ್ಸಿಂದ ಮಧ್ಯದಲ್ಲಿ ಇಳಿಸಿದ ಹಾಗಾಗುತ್ತೆ."

"ನನ್ನ ಪ್ರತಿ ತಗೊಳ್ಳಿ. ಇನ್ನೂರ ನಲವತ್ತರವರೆಗೆ ಎಲ್ಲ ಸರಿಯಾಗಿದೆ," ಎಂದೆ. ಅದು ಅವನಿಗೆ ತಮಾಷೆಯಾಗಿ ಕೇಳಿಸಿರಬೇಕು, ನಕ್ಕುಕೊಂಡೇ ಹೋದ.

ಗಂಟೆ ಹನ್ನೊಂದು. ಕೋಣೆಯಲ್ಲಿ ಕುಳಿತೆ, ಎದ್ದೆ, ಕಿಟಕಿಯ ತನಕ ಹೋಗಿ ಬಂದೆ. ಮುಂದಿನ ಸಾಲನ್ನು ಓದಲು ಧೈರ್ಯ ಬರಲಿಲ್ಲ. ಒಂದು ಮನಸ್ಸು ಹೇಳಿತು: ಈ ಹದಿನಾರು ಪುಟಗಳನ್ನು ಬೈಂಡಿಂಗಿನವನ ಕೈಯಲ್ಲಿ ಸದ್ದಿಲ್ಲದೆ ನನ್ನ ಪ್ರತಿಗೆ ಸೇರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೊನೆಯ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ. ಇನ್ನೊಂದು ಮನಸ್ಸು ಮತ್ತೂ ನಯವಾಗಿ ಹೇಳಿತು: ಆ ತಂಗಿ ಒಳಗೆ ಹೋಗಿ ಅವಮಾನಪಟ್ಟು ಬರುವುದೇ ಕತೆಯಾಗಿದ್ದರೆ? ಸಮಾಧಾನದಿಂದಿರುವ ಹೆಂಗಸಿನ ಮನಸ್ಸನ್ನು ಕದಡಿದ ಪಾಪ ಯಾರಿಗೆ? ಎರಡೂ ಮನಸ್ಸು ನನ್ನ ಮಾನವನ್ನೇ ಕಾಯುತ್ತಿದ್ದವು. ಇಸ್ತ್ರಿಯಕ್ಕನ ಪರವಾಗಿ ಮಾತಾಡುತ್ತಿದ್ದದ್ದು ಗೋಡೆಯ ಗಡಿಯಾರ ಒಂದೇ.

ಫೋನು ಮಾಡಿದೆ. ಕೆಲಸದ ಹೊತ್ತಿನಲ್ಲಿ ಅವರ ಫೋನು ಬಟ್ಟೆ ಬದಲಿಸುವ ಕೋಣೆಯ ಬೀರುವಿನಲ್ಲಿ ಸದ್ದಿಲ್ಲದೆ ಬಿದ್ದಿರುತ್ತದೆ ಎಂದು ಗೊತ್ತಿದ್ದೂ ಆರು ಸಲ ಮಾಡಿದೆ. ಕೊನೆಗೆ ಚಪ್ಪಲಿ ಮೆಟ್ಟಿದೆ.

"ಊಟ ಮಾಡ್ಕೊಂಡು ಹೋಗಿ ಮಾವ," ಎಂದಳು ಸೊಸೆ. "ಪುಸ್ತಕಕ್ಕೇನು ಕಾಲು ಬಂದಿದೆಯಾ, ಓಡಿಹೋಗೋಕೆ?"

"ಬಂದಿದೆ ಕಣಮ್ಮ," ಎಂದೆ. ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದಳು.

ಬಸ್ಸು ಇಪ್ಪತ್ತು ನಿಮಿಷ ಬರಲಿಲ್ಲ. ಬಂದದ್ದು ಸೇತುವೆಯ ಕೆಳಗೆ ನಿಂತಿತು. ರಸ್ತೆಯ ಮಧ್ಯೆ ಯಾರೋ ಪೈಪಿಗಾಗಿ ಅಗೆದಿದ್ದರು. ಮುಂದಿನ ಸೀಟಿನಾತ ಪತ್ರಿಕೆಯ ಒಂದೇ ಪುಟವನ್ನು ತಿರುಗಿಸದೆ ಓದುತ್ತಿದ್ದ. ಅವನ ನೆಮ್ಮದಿಯನ್ನು ಕಂಡು ಹೊಟ್ಟೆ ಉರಿಯಿತು. ತೊಡೆಯ ಮೇಲಿನ ಪುಸ್ತಕವನ್ನು ಎರಡು ಸಲ ತೆರೆದೆ, ಎರಡು ಸಲವೂ ಆ ಹಸಿ ಬಣ್ಣದ ಸಾಲಿನ ಹತ್ತಿರವೇ ಕಣ್ಣು ಹಿಂಜರಿಯಿತು. ಆ ಕೈಯ ಬಗ್ಗೆ ನಾನು ಎಷ್ಟೆಲ್ಲ ಹೇಳಿದ್ದೆ! ಹಿಂದೆಗೆದ ಕೈ ಎಂದರೆ ಕಾಲದ ಮುಂದೆ ಮನುಷ್ಯ ಮಾಡುವ ನಮಸ್ಕಾರ ಎಂದಿದ್ದೆ. ಬಣ್ಣ ಅಂಟಿತ್ತು, ಅಷ್ಟೇ.

ಹೋಟೆಲಿನ ಹಿಂಬಾಗಿಲು ತಲುಪಿದಾಗ ಹನ್ನೆರಡೂ ಐವತ್ತು.

"ಯಾರು ಬೇಕು ತಾತ?" ಎಂದ ಕಾವಲುಗಾರ.

"ಇಸ್ತ್ರಿ ವಿಭಾಗದ ಮೇಲ್ವಿಚಾರಕಿ. ಒಂದು ಪುಸ್ತಕ ಕೊಡಬೇಕಿತ್ತು."

"ಇಲ್ಲಿಟ್ಟು ಹೋಗಿ, ಕೊಡ್ತೀನಿ."

"ಓದಿ ಹೇಳಬೇಕಿತ್ತು."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಓದಿ ಹೇಳಲು ಬಂದ ಮುದುಕನಿಂದ ಯಾವ ಅಪಾಯವೂ ಇಲ್ಲವೆಂದು ಅನ್ನಿಸಿರಬೇಕು, ಬಾಗಿಲು ತೆರೆದ.

ಒಳಗೆ ಹಬೆ, ಸೋಪಿನ ಘಾಟು, ದೊಡ್ಡ ಯಂತ್ರಗಳಲ್ಲಿ ಬಟ್ಟೆ ಉರುಳುವ ಸದ್ದು. ಇಸ್ತ್ರಿಯಕ್ಕ ಬೂದು ಬಣ್ಣದ ಏಪ್ರನ್ ಕಟ್ಟಿಕೊಂಡು, ಎದುರಿಗೆ ನಿಂತ ಜೊತೆಗಾತಿಯೊಂದಿಗೆ ಹಾಸಿಗೆಯ ಬಿಳಿ ಹಾಸುಗಳನ್ನು ಮಡಚುತ್ತಿದ್ದರು. ಇಬ್ಬರೂ ಎರಡೆರಡು ಮೂಲೆ ಹಿಡಿದು ಹತ್ತಿರ ಬರುವರು, ಕೈಗೆ ಕೈ ತಾಗಿಸುವರು, ದೂರ ಹೋಗುವರು.

"ಯಜಮಾನ್ರು ಇಲ್ಲಿ?" ಎಂದರು, ಕೈ ನಿಲ್ಲಿಸದೆ.

ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಪೀಠಿಕೆಯೆಲ್ಲ ಹಬೆಯಲ್ಲಿ ಕರಗಿತು. "ಅಮ್ಮಾ, ನನ್ನ ಪ್ರತಿಯಲ್ಲಿ ಹದಿನಾರು ಪುಟ ಇಲ್ಲ. ಕಾದಂಬರಿ ಅಲ್ಲಿಗೆ ಮುಗಿಯುವುದಿಲ್ಲ. ಅವಳು ಕೈ ತೆಗೆದದ್ದು ಬಣ್ಣ ಹಸಿಯಾಗಿತ್ತು ಎಂದು. ಮತ್ತೆ ಚಿಲಕಕ್ಕೆ ಕೈ ಹಾಕುತ್ತಾಳೆ."

ಹಾಸು ಅರ್ಧ ಮಡಿಕೆಯಲ್ಲಿ ನಿಂತಿತು.

"ಬಣ್ಣಾನಾ?"

"ಹೌದು."

ಆಕೆ ನಕ್ಕರು. ಆ ನಗು ಎಲ್ಲಿ ಕೋಪವಾಯಿತೆಂದು ನನಗೆ ತಿಳಿಯಲಿಲ್ಲ.

"ಮೂವತ್ತು ವರ್ಷ ಓದಿದ್ರಲ್ಲ ಯಜಮಾನ್ರೇ. ಒಂದು ಸಲಾನೂ ಮುಂದೇನಾಯ್ತು ಅನ್ನಿಸ್ಲಿಲ್ವಾ ನಿಮಗೆ?"

"ಅನ್ನಿಸಲಿಲ್ಲಮ್ಮ. ಚೆನ್ನಾಗಿದೆ ಅನ್ನಿಸಿತು."

"ಚೆನ್ನಾಗಿದೆ ಅನ್ನಿಸ್ತಂತೆ." ಆಕೆ ಜೊತೆಗಾತಿಯತ್ತ ತಿರುಗಿದರು. "ಕೇಳಿಸ್ಕೊಂಡ್ಯಾ? ಇವರಿಗೆ ಚೆನ್ನಾಗಿದೆ ಅನ್ನಿಸ್ತು, ನಾನು ಹೋಗ್ದೆ ಇಲ್ಲೇ ನಿಂತೆ." ಮತ್ತೆ ನನಗೆ: "ಒಳಗೆ ಹೋದ ಮೇಲೆ ಏನಾಗುತ್ತೆ?"

"ನಾನೂ ಓದಿಲ್ಲ."

"ಯಾಕೆ?"

"ಭಯವಾಯಿತು."

"ಹೋಗಿ ಅವಳು ಮುಖ ತಿರುಗಿಸಿದ್ರೆ? ನಾನು ಏನು ಮಾಡ್ಲಿ ಹೇಳಿ."

"ನನಗೆ ಗೊತ್ತಿಲ್ಲಮ್ಮ."

"ಭಾನುವಾರ ಎಲ್ಲಾ ಗೊತ್ತಿತ್ತಲ್ಲ." ಹಾಸನ್ನು ಮತ್ತೆ ಬಿಗಿಯಾಗಿ ಎಳೆದರು. "ಕೂತ್ಕೊಳ್ಳಿ. ಓದಿ. ಜೋರಾಗಿ ಓದಿ, ಮಷೀನು ಸದ್ದು ಮಾಡುತ್ತೆ."

ಮಡಚಿದ ಬಟ್ಟೆ ಇಡುವ ಬೆಂಚಿನ ತುದಿಯಲ್ಲಿ ಕುಳಿತು ಓದತೊಡಗಿದೆ. ತಂಗಿ ಗೇಟು ದಾಟುತ್ತಾಳೆ, ಗಂಟೆ ಒತ್ತುತ್ತಾಳೆ. ಅಕ್ಕ ಬಾಗಿಲು ತೆರೆಯುತ್ತಾಳೆ. ಇಪ್ಪತ್ತು ವರ್ಷಗಳ ನಂತರ ಅವಳ ಬಾಯಿಂದ ಬರುವ ಮೊದಲ ಮಾತು: 'ಬೆಳಿಗ್ಗೆ ತಾನೆ ಗೇಟಿಗೆ ಬಣ್ಣ ಹೊಡೆಸಿದ್ದೆ. ಕಣ್ಣು ಕಾಣಿಸಲ್ವಾ?'

ಇಸ್ತ್ರಿಯಕ್ಕನ ಕೈ ನಿಂತಿತು. "ನಮ್ಮಕ್ಕ ಹಿಂಗೇ ಅನ್ನೋದು. ಥೇಟ್ ಹಿಂಗೇ."

"ಮುಂದೆ ಓದ್ಲಿ ಬಿಡಕ್ಕ," ಎಂದಳು ಜೊತೆಗಾತಿ.

ಮುಂದಿನದು ಬರೀ ಜಗಳ. ಗೇಟಿನ ಬಣ್ಣದಿಂದ ಶುರುವಾಗಿ ಕಳೆದುಹೋದ ಕತ್ತರಿಗೆ, ಕತ್ತರಿಯಿಂದ ಯಾರೋ ಗಿರಾಕಿಯ ತೋಳಿನ ಅಳತೆಗೆ, ಅಲ್ಲಿಂದ ಬಾಲ್ಯದ ಯಾವುದೋ ಜ್ವರಕ್ಕೆ. ಕಾದಂಬರಿಯಾಗಿ ಅದು ಸೋತಿತ್ತು. ಇನ್ನೂರ ನಲವತ್ತು ಪುಟ ಬಿಗಿಯಾಗಿ ಹಿಡಿದಿದ್ದ ಲಗಾಮನ್ನು ಲೇಖಕಿ ಕೊನೆಯಲ್ಲಿ ಕೈಬಿಟ್ಟಿದ್ದಳು. ಒಂದೇ ಮಾತು ಮೂರು ಸಲ ಬರುತ್ತಿತ್ತು, ವಾಕ್ಯಗಳು ಮುಗ್ಗರಿಸುತ್ತಿದ್ದವು. ನನ್ನ ಕೈಗೆ ಕರಡು ಬಂದಿದ್ದರೆ ಅಂಚಿನಲ್ಲಿ ಪ್ರಶ್ನಾರ್ಥಕಗಳ ಸಾಲೇ ಇರುತ್ತಿತ್ತು. ಆದರೂ ಬಟ್ಟೆ ಮಡಚುವ ಆ ಇಬ್ಬರು ಹೆಂಗಸರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

"ತಂಗಿದೇ ತಪ್ಪು," ಎಂದಳು ಜೊತೆಗಾತಿ.

"ಹೆಂಗೆ ತಂಗಿದು? ಕತ್ತರಿ ಬಚ್ಚಿಟ್ಟಿದ್ದು ಯಾರು?"

"ಇಪ್ಪತ್ತು ವರ್ಷ ಬರದೇ ಇದ್ದಿದ್ದು ಯಾರು ಮತ್ತೆ?"

ನಾನು ಇನ್ನೂರ ಐವತ್ತನೆಯ ಪುಟಕ್ಕೆ ಬಂದಿದ್ದೆ. ಅಕ್ಕತಂಗಿಯರು ಇನ್ನೂ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬಾ ಎಂದು ಒಬ್ಬಳೂ ಅಂದಿರಲಿಲ್ಲ. ಇಸ್ತ್ರಿಯಕ್ಕ ಗೋಡೆಯ ಮೇಲಿನ ಗಡಿಯಾರದತ್ತ ನೋಡಿದರು. ಒಂದೂ ಇಪ್ಪತ್ತು. ಏಪ್ರನ್ನಿನ ಗಂಟು ಬಿಚ್ಚಿದರು.

"ಇವರಿಬ್ಬರ ಜಗಳ ಮುಗಿಯೋಷ್ಟರಲ್ಲಿ ನಮ್ಮಕ್ಕನ ರೈಲು ಹೋಗಿರುತ್ತೆ," ಎಂದರು. "ನನಗೂ ಅವಳ ಹತ್ರ ಜಗಳ ಆಡೋದು ತುಂಬಾ ಇದೆ. ಮಧ್ಯಾಹ್ನದ ಹಾಸುಗಳನ್ನ ನೋಡ್ಕೋ ಕಣೆ."

"ಕೊನೆ ಕೇಳೋದಿಲ್ವಾ ಅಕ್ಕ? ಇನ್ನು ಕೆಲವೇ ಪುಟ ಇರ್ಬೇಕು."

"ನೀನೇ ಕೇಳು."

ನನ್ನ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತರು. ಬೈಯುತ್ತಾರೆಂದು ಕಾದೆ. "ಬಿಸಿಲಲ್ಲಿ ಬಂದಿದೀರಿ, ನೀರು ಕುಡೀರಿ," ಎಂದಷ್ಟೇ ಹೇಳಿ, ಹಬೆಯ ಆಚೆಗಿನ ಬಾಗಿಲಿನಲ್ಲಿ ಮರೆಯಾದರು.

ಉಳಿದ ಆರು ಪುಟವನ್ನು ಜೊತೆಗಾತಿಗಾಗಿ ಓದಿದೆ. ಅವಳು ಹಾಸನ್ನು ಗಲ್ಲದ ಕೆಳಗೆ ಒತ್ತಿಹಿಡಿದು ಒಬ್ಬಳೇ ಮಡಚಲು ಹೆಣಗುತ್ತಿದ್ದಳು. ಕಾದಂಬರಿಯ ಅಕ್ಕ ಕೊನೆಗೆ ಸೀಮೆಎಣ್ಣೆ ತಂದು ತಂಗಿಯ ಬೆರಳುಗಳ ಬಣ್ಣ ತಿಕ್ಕುತ್ತಾಳೆ, ಬೈಯುತ್ತಲೇ ಇರುತ್ತಾಳೆ. ಕೆಳಗೆ ದಪ್ಪಕ್ಷರದಲ್ಲಿ 'ಮುಗಿಯಿತು'.

"ಹೇಗಿತ್ತಮ್ಮ?"

"ಅಷ್ಟೇನಿಲ್ಲ," ಎಂದಳು. "ಆದ್ರೆ ಬಾಗಿಲು ತೆಗೆದ್ಲಲ್ಲ."

ಎರಡೂ ಹತ್ತಾಯಿತು. ಎರಡೂವರೆಯಾಯಿತು. ನಾನು ಎದ್ದು ಹೋಗಬಹುದಿತ್ತು. ಅರ್ಧಕ್ಕೆ ನಿಂತ ಸಾಲುಗಳನ್ನು ಅಷ್ಟು ಕಾಲ ಮುದ್ದಿಸಿದವನಿಗೆ, ಅಂದು ಒಬ್ಬ ಹೆಂಗಸು ಪ್ಲಾಟ್‌ಫಾರ್ಮ್ ತಲುಪಿದಳೋ ಇಲ್ಲವೋ ಎಂಬುದು ತಿಳಿಯದೆ ಬೆಂಚಿನಿಂದ ಏಳಲಾಗಲಿಲ್ಲ. ಬಾಗಿಲ ತನಕ ಹೋದೆ, ಬಂದೆ. ನೀರು ಕುಡಿದೆ. ಕಾವಲುಗಾರ ಬಂದು, "ಇನ್ನೂ ಓದಿ ಮುಗಿದಿಲ್ವಾ ತಾತ?" ಎಂದು ಕೇಳಿ ಹೋದ.

ಮೂರಕ್ಕೆ ಹತ್ತು ನಿಮಿಷವಿರುವಾಗ ಗೋಡೆಯ ಫೋನು ಬಡಿದುಕೊಂಡಿತು. ಜೊತೆಗಾತಿ ಒದ್ದೆ ಕೈಯಲ್ಲೇ ಎತ್ತಿದಳು. ಅವಳು ಬರೀ 'ಹೂಂ' ಎನ್ನುತ್ತಿದ್ದಳು. ಆ ಒಂದೊಂದು 'ಹೂಂ'ಗೂ ನಾನು ಬೇರೆಬೇರೆ ಅರ್ಥ ಕಟ್ಟುತ್ತಿದ್ದೆ. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿದಳು.

"ರೈಲು ಹೋಯ್ತಂತೆ."

ನಾನು ಪುಸ್ತಕವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

"ಅವರಕ್ಕನ್ನ ಬಿಟ್ಟು ಹೋಯ್ತಂತೆ. ಇಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಒಬ್ಬರನ್ನೊಬ್ಬರು ಬೈತಾ ಇದ್ರಂತೆ, ಗಾರ್ಡು ಸೀಟಿ ಊದಿದ್ದೂ ಕೇಳಿಸಿಲ್ಲ. ಮುಂದಿನ ರೈಲು ನಾಳೆ ಸಾಯಂಕಾಲವಂತೆ. ಇವತ್ತು ರಾತ್ರಿ ಇವರ ಮನೇಲೇ. ಹಿಂದೆ ಆಯಮ್ಮ ಇನ್ನೂ ಬೈತಾನೇ ಇದ್ಲು, ನನಗೇ ಕೇಳಿಸ್ತು. ನಾಳೆಗೆ ರಜಾ ಬೇಕಂತೆ, ಹೇಳ್ಬಿಡು ಅಂದ್ರು."

"ನನಗೇನಾದರೂ ಹೇಳಿದರೇ?"

"ಇಲ್ಲ." ಅವಳು ಬುಟ್ಟಿಯಿಂದ ಒಂದು ದೊಡ್ಡ ಹಾಸನ್ನು ಕೊಡವಿ ತೆಗೆದಳು. "ಇನ್ನೂ ನಲವತ್ತಿವೆ, ಒಬ್ಬಳ ಕೈಯಲ್ಲಿ ಆಗಲ್ಲ. ಅಕ್ಕನ್ನ ಕಳಿಸಿದ್ದು ನೀವೇ ತಾನೆ. ಏಳಿ ಯಜಮಾನ್ರೇ, ಆ ಪುಸ್ತಕ ಅಲ್ಲಿಟ್ಟು ಆ ಕಡೆ ತುದಿ ಹಿಡ್ಕೊಳ್ಳಿ."