ಎರಾಸ್ಮೋನ ಕಾಲು

"ಏಳ್ಲಾ ಬೋಳಿಮಗನೇ! ದಿನಕ್ಕೊಂದು ನಾಟ್ಕ ನಿಮ್ದು."

ಕ್ಯಾಪ್ಟನ್ ಡೆಲ್ರಾಯ್ ಬೂಟುಗಾಲಿನಿಂದ ಎರಾಸ್ಮೋನ ತೊಡೆಗೆ ತಿವಿದ. ತೊಡೆ ಅಲುಗಿತೇ ಹೊರತು ಎರಾಸ್ಮೊ ಅದನ್ನು ಎಳೆದುಕೊಳ್ಳಲಿಲ್ಲ. ನೀರಿನಿಂದ ಮೇಲೆತ್ತಿ ಹಲಗೆಯ ಮೇಲೆ ಮಲಗಿಸಿದ್ದರು. ಮಲಗಿಸಿದ ಹಾಗೇ ಬಿದ್ದಿದ್ದ.

"ಕಾಲು ಸತ್ತೋಗೈತೆ, ಧಣಿ," ಎಂದ ರುಫೀನೊ. ಎರಾಸ್ಮೊ ಅವನ ಹೆಂಡತಿಯ ತಮ್ಮ.

"ಬೆಳಿಗ್ಗೆ ನೆಟ್ಟಗಿದ್ನಲ್ಲ?"

"ಭುಜ ನೋಯ್ತೈತೆ ಅಂದ. ಇನ್ನೊಂದ್ಸಲ ಇಳಿ, ಬಿಡ್ತದೆ ಅಂದ್ರಿ ನೀವು."

ಬಿಟ್ಟದ್ದೂ ನಿಜ. ಆಳಕ್ಕೆ ಹೋದರೆ ನೋವು ಮಾಯವಾಗುತ್ತದೆ. ಅದಕ್ಕೇ ಈ ಕರಾವಳಿಯಲ್ಲಿ ಲಾಬ್‌ಸ್ಟರು ಹಿಡಿಯುವ ಮಿಸ್ಕಿಟೊ ಬುಡಕಟ್ಟಿನ ಮುಳುಗುಗಾರರೆಲ್ಲ ನೋವು ಬಂದರೆ ಮತ್ತೆ ಮುಳುಗುತ್ತಾರೆ. ಬೆಳಿಗ್ಗೆ ರುಫೀನೋನೂ ಬಾಯಿ ಮುಚ್ಚಿಕೊಂಡು ಬಾಮೈದನ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿದ್ದ. ಆ ಪಟ್ಟಿ ಬಿಗಿದ ಕೈಯನ್ನು ಈಗ ಕಡಿದು ಹಾಕಬೇಕೆನಿಸುತ್ತಿತ್ತು.

"ನಿಮ್ ಲೀವಾ ಹಿಡ್ಕೊಂಡವ್ಳೆ ಕಣ್ಲಾ," ಎಂದ ಡೆಲ್ರಾಯ್. "ಅದ್ಕೆ ನಾನೇನ್ ಮಾಡ್ಲಿ? ಊರಿಗೋದ್ಮೇಲೆ ಸೊಪ್ಪಿನ ಹೊಗೆ ಹಾಕ್ಸು."

ಲೀವಾ ಎಂದರೆ ನೀರಾಳದ ಹೆಣ್ಣು. ತನ್ನ ಲಾಬ್‌ಸ್ಟರುಗಳನ್ನು ಆಸೆಬುರುಕತನದಿಂದ ಬಾಚಿದವನ ಕಾಲು ಹಿಡಿಯುವವಳು. ಡೆಲ್ರಾಯ್ ಮಿಸ್ಕಿಟೊ ಅಲ್ಲ, ದ್ವೀಪದವನು; ಇಂಥದ್ದನ್ನೆಲ್ಲ ನಂಬುವ ಪೈಕಿಯಲ್ಲ. ಆದರೆ ಬೋಟು ತಿರುಗಿಸುವ ಮಾತು ಬಂತೆಂದರೆ ಅವನಿಗೆ ಲೀವಾಳ ಮೇಲೆ ಎಲ್ಲಿಲ್ಲದ ಭಕ್ತಿ.

"ಲೀವಾ ಅಲ್ಲ ಧಣಿ, ಗಾಳಿ. ದಡಬಡ ಮೇಲ್ ಬಂದ್ರೆ ನೆತ್ರದಾಗೆ ಗಾಳಿಗುಳ್ಳೆ ಕಟ್ತವೆ. ಪಟ್ಟಣದಾಗೆ ಕಬ್ಬಿಣದ ಕೋಣೆ ಐತಲ್ಲ, ಅದ್ರಾಗೆ ಮಲಗ್ಸಿ ಗಾಳಿ ಒತ್ಬೇಕು. ನನ್ನೂ ಮಲಗ್ಸಿದ್ರಲ್ಲ."

"ಮಲಗ್ಸಿದ್ರು. ಕುಂಟ್ಕೊಂಡೇ ಬಂದೆ!"

ಎಂಜಿನ್ನಿನವನು ನಕ್ಕ.

"ನೀವು ಬೋಟ್ ತುಂಬೋಗಂಟ ಕಾಯ್ಸಿದ್ರಿ, ಅದ್ಕೇ ಕುಂಟಾದೆ. ಆವತ್ತೇ ತಂದಿದ್ರೆ ನೆಟ್ಟಗೆ ನಡೀತಿದ್ದೆ ಅಂದ್ರು ಡಾಕ್ಟ್ರು. ಇವ್ನು ಹುಡುಗ, ಧಣಿ. ನಿಮ್ ಕಾಲಿಗ್ ಬೀಳ್ತೀನಿ."

ರುಫೀನೊ ನಿಜಕ್ಕೂ ಬಿದ್ದ. ಡೆಲ್ರಾಯ್ ಬೂಟು ಹಿಂದಕ್ಕೆಳೆದುಕೊಂಡ.

"ಐಸ್ ಪೆಟ್ಟಿಗೆ ಇನ್ನೂ ಅರ್ಧ ಖಾಲಿ ಐತೆ. ತುಂಬ್ಲಿ, ಹೋಗಾಣ."

"ಆ ಹಸಿರು ಸಿಲಿಂಡ್ರಾದ್ರೂ ಕೊಡಿ. ಆಕ್ಸಿಜನ್ನು."

ತಪಾಸಣೆಯವರಿಗೆ ತೋರಿಸಲೆಂದು ಕ್ಯಾಬಿನ್ನಿನಲ್ಲಿ ನಿಲ್ಲಿಸಿದ್ದ ಆ ಸಿಲಿಂಡರನ್ನು, ರಮ್ಮು ಇಳಿಯದೆ ತಲೆ ಸಿಡಿಯುವ ಬೆಳಗುಗಳಲ್ಲಿ ಡೆಲ್ರಾಯನೇ ಮೂಗಿಗೆ ಹಿಡಿದು ಮುಗಿಸಿದ್ದು ಬೋಟಿಗೆಲ್ಲ ಗೊತ್ತಿತ್ತು.

"ಅದು ಖಾಲಿ," ಎಂದು ಡೆಲ್ರಾಯ್ ಒಳಗೆ ಹೋದ.

ರುಫೀನೊ ಬಾಮೈದನ ಹೊಟ್ಟೆ ಮುಟ್ಟಿ ನೋಡಿದ. ಹೊಕ್ಕುಳ ಕೆಳಗೆ ಕಲ್ಲಿನ ಹಾಗೆ ಬಿಗಿದಿತ್ತು.

"ಉಚ್ಚೆ ಬರ್ತೈತಾ?"

"ಬರ್ತಿಲ್ಲ ಭಾವ." ಎರಾಸ್ಮೊ ನಗಲು ನೋಡಿದ. "ಅಕ್ಕಂಗೆ ಹೇಳ್ಬ್ಯಾಡ. ಬಾಳೆಹಣ್ಣಿನ ಗಂಜಿ ಕುಡಿಸಿ ಕುಡಿಸಿ ಸಾಯಿಸ್ತಾಳೆ."

ಅವಳೇ ಇವನನ್ನು ಸಾಕಿದವಳು. ಕುಂಟ ಗಂಡನ ಜೊತೆಗೆ ತಮ್ಮನೂ ಮೂಲೆ ಹಿಡಿದರೆ ಆ ಮನೆಯಲ್ಲಿ ದುಡಿಯುವವರು ಯಾರು? ಈಗ ಹೊರಟರೂ ದಡ ಮುಟ್ಟಲು ಒಂದು ಹಗಲು, ಒಂದು ರಾತ್ರಿ ಬೇಕು. ರುಫೀನೋಗೆ ಅಳು ಬಂತು. ಅತ್ತ.

ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದ ಕಂಪ್ರೆಸರು ನಿಂತಿತು. ತುಂಬಿದ ಸಿಲಿಂಡರುಗಳನ್ನು ಅಂಚಿಗೆ ಸಾಲಾಗಿ ನಿಲ್ಲಿಸಿದರು.

"ಇಳೀರ್ಲಾ, ಬೇವರ್ಸಿಗಳಾ! ಹೊತ್ತು ಹೋಯ್ತು!" ಎಂದು ಡೆಲ್ರಾಯ್ ಒಳಗಿನಿಂದಲೇ ಕೂಗಿದ.

ರುಫೀನೊ ಕುಂಟುತ್ತ ಹೋಗಿ ಮೊದಲನೆಯದನ್ನು ಅಪ್ಪಿ ಎತ್ತಿದ. ಬಾಮೈದನ ಬದಲು ತಾನೇ ಇಳಿಯಲು ಬೆನ್ನಿಗೆ ಕಟ್ಟಿಕೊಳ್ಳುತ್ತಾನೆಂದೇ ಎಲ್ಲರೂ ಅಂದುಕೊಂಡರು. ಅವನು ಅದನ್ನು ಸಮುದ್ರಕ್ಕೆ ಎಸೆದ. ಎರಡನೆಯದನ್ನು ಒದ್ದ. ಅದು ಉರುಳಿ ಬಿತ್ತು.

"ಏಯ್! ಲೇ ಸೂಳೆಮಗನೇ!" ಡೆಲ್ರಾಯ್ ಪಿಸ್ತೂಲು ಹಿಡಿದು ಓಡಿಬಂದ. "ಇನ್ನೊಂದ್ ಮುಟ್ಟು, ತಲೆ ಹಾರಿಸ್ತೀನಿ!"

"ಹಾರ್ಸು," ಎಂದ ರುಫೀನೊ, ಮೂರನೆಯದರ ಮೇಲೆ ಕೈಯಿಟ್ಟು. "ಹಾರ್ಸಿ ನೀನೇ ಇಳಿ. ಪೆಟ್ಗೆ ತುಂಬ್ಕೋ."

ಅಷ್ಟರಲ್ಲಿ ಹಿಂದೆ ಇನ್ನೊಂದು ಸಿಲಿಂಡರು ನೀರಿಗೆ ಬಿದ್ದ ಸದ್ದು. ಹಲ್ಲುದುರಿದ ಮುದುಕ ಸೆಲ್ಸೊ, ಬೋಟಿಗೆಲ್ಲ ಹಿರಿಯ ಮುಳುಗುಗಾರ, ತನ್ನದನ್ನು ನೂಕಿದ್ದ. ಅವನ ಪಕ್ಕದವನೂ ನೂಕಿದ. ಆಮೇಲೆ ಯಾರು ಯಾವುದನ್ನು ನೂಕಿದರೋ, ಅಂಚು ಬರಿದಾಯಿತು. ಸಿಲಿಂಡರಿಲ್ಲದ ಬೋಟಿಗೆ ಸಮುದ್ರದ ನಡುವೆ ಕೆಲಸವಿಲ್ಲ.

"ಜೈಲಾಗೆ ಕೊಳೆಸ್ತೀನಿ ನಿಮ್ನ! ಒಬ್ಬೊಬ್ರನ್ನೂ!" ಎಂದು ಕಿರುಚುತ್ತಲೇ ಡೆಲ್ರಾಯ್ ಚುಕ್ಕಾಣಿ ತಿರುಗಿಸಿದ. ಬೋಟಿನ ಮೂತಿ ದಡದ ಕಡೆ ಹೊರಳಿತು.

ರುಫೀನೊ ಕುಂಟುತ್ತ ಬಂದು ಎರಾಸ್ಮೋನ ಕಾಲ ಬಳಿ ಕುಸಿದು, ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಅಮುಕಿದ. ಉಗುರು ನಾಟಿ ರಕ್ತ ಜಿನುಗುವಷ್ಟು ಅಮುಕಿದ.

"ಹೊಂಟ್ವಿ ಕಣ್ಲಾ. ಕಾಲಾಗೆ ಏನಾರ ಗೊತ್ತಾಯ್ತೈತಾ?"

ಎರಾಸ್ಮೊ ಆಕಾಶ ನೋಡುತ್ತ ಕಾದ.

"ಹಿಡ್ಕೋ ಭಾವ," ಎಂದ. "ಹಿಡಿದ್ಮೇಲೆ ಹೇಳ್ತೀನಿ."